ಸ್ಮುರ್ನದ ಸಭಾಧ್ಯಕ್ಷನಾದ ಪೊಲಿಕಾರ್ಪನ ಚರಿತ್ರೆಯೂ ಅವನ ಪತ್ರಿಕೆಯೂ

ಹೊಲದಲ್ಲಿ ಬಿತ್ತಿದ ಬೀಜವು ಮೊಳೆತು ಮೇಲೆ ಬರುವಾಗ ಕಳೆಯೂ ಅದರ ಸಂಗಡಲೇ ಏಳುವದೆಂಬದನ್ನು ಒಕ್ಕಲುತನ ಮಾಡುವ ನಿಮಗೆ ಯಾರೂ ಹೇಳಿಕೊಡಬೇಕಾದದ್ದಿಲ್ಲ. ಎಳೆಯದಾಗಿರುವಾಗ ಕಳೆಗೂ ಪೈರಿಗೂ ಭೇದವು ಸುಲಭವಾಗಿ ತೋರದು. ಅನುಭವವುಳ್ಳ ಕಣ್ಣೇ ಅದನ್ನು ಗುರುತಿಸಬೇಕು. ಕ್ರಿಸ್ತನ ಸಭೆಯ ಹೊಲದಲ್ಲಿಯೂ ಆದಿಯಿಂದ ಹೀಗೆಯೇ ನಡೆದು ಬಂದದೆ. ಅಪೊಸ್ತಲರು ಒಬ್ಬೊಬ್ಬರಾಗಿ ನಿದ್ರೆಹೋದ ತರುವಾಯ ಅವರ ಕಣ್ಣಿನ ಕಾವಲು ಇನ್ನಿಲ್ಲದೆ ಹೋದಾಗ, ಸುಳ್ಳುಬೋಧಕರು ಸಭೆಗಳೊಳಗೆ ಮೆಲ್ಲಗೆ ನುಸುಳಿ ಕ್ರಿಸ್ತನ ಹೆಸರಿನಿಂದಲೇ ಕ್ರಿಸ್ತನನ್ನು ಅಲ್ಲಗಳೆಯುವದಕ್ಕೆ ತೊಡಗಿದರು. ಆ ಅಪಾಯದ ಕಾಲದಲ್ಲಿ ಕಾವಲುಗಾರನಾಗಿ ನಿಂತವರಲ್ಲಿ ಸ್ಮುರ್ನದ ಸಭಾಧ್ಯಕ್ಷನಾದ ಪೊಲಿಕಾರ್ಪನು ಒಬ್ಬನು. ಅವನ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಬಹು ಫಲವುಳ್ಳವನೆಂದು ಅರ್ಥ. ಆ ಹೆಸರು ಅವನಿಗೆ ಹೇಗೆ ಒಪ್ಪಿತೆಂಬದನ್ನು ಈ ಚರಿತ್ರೆಯಿಂದ ತಿಳಿಯಬಹುದು.

ಅವನ ಪಟ್ಟಣವೂ ಗುರುಗಳೂ

ಸ್ಮುರ್ನವು ಚಿಕ್ಕ ಆಸ್ಯದ ಪಶ್ಚಿಮ ಕರಾವಳಿಯಲ್ಲಿರುವ ಒಂದು ದೊಡ್ಡ ವ್ಯಾಪಾರದ ಪಟ್ಟಣವಾಗಿತ್ತು. ಈಗ ಅದು ತುರ್ಕಿ ದೇಶಕ್ಕೆ ಸೇರಿ ಇಜ್ಮಿರ್ ಎಂದು ಕರೆಯಲ್ಪಡುತ್ತದೆ. ಆ ಪಟ್ಟಣದವರು ರೋಮಾಯರಿಗೆ ಬಹು ವಿಧೇಯರೆಂದು ಹೆಸರು ಪಡೆದವರು. ಕ್ರಿ. ಶ. 26ರಲ್ಲಿ ತಿಬೇರಿಯ ಕೈಸರನ ಗೌರವಕ್ಕಾಗಿ ದೇವಸ್ಥಾನವನ್ನು ಕಟ್ಟಿಸುವ ಅಪ್ಪಣೆಗಾಗಿ ಆಸ್ಯದ ಅನೇಕ ಪಟ್ಟಣಗಳು ಹೋರಾಡಿದಾಗ ಸ್ಮುರ್ನವೇ ಅದನ್ನು ಗೆದ್ದುಕೊಂಡಿತು. ಕೈಸರನನ್ನು ಕರ್ತನೆಂದು ಪೂಜಿಸುವದು ಅಲ್ಲಿಯ ಪ್ರಜೆಗಳಿಗೆ ಹೆಮ್ಮೆಯ ಕಾರ್ಯವಾಗಿತ್ತು. ಅಂಥಾ ಊರಿನಲ್ಲಿ ಯೇಸು ಒಬ್ಬನೇ ಕರ್ತನೆಂದು ಅರಿಕೆಮಾಡುವ ಬಡ ಸಭೆಯು ಎಷ್ಟು ಕಷ್ಟವನ್ನು ಸಹಿಸಬೇಕಾಗಿತ್ತೆಂದು ನೀವೇ ಯೋಚಿಸಿರಿ. ಪ್ರಕಟನೆಯ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಕರ್ತನು ಈ ಸಭೆಗೆ ಬರೆಯಿಸಿದ ಮಾತುಗಳಲ್ಲಿ ಅದರ ಬಡತನವೂ ಮುಂದೆ ಬರಲಿದ್ದ ಶೋಧನೆಯೂ ಹೇಳಲ್ಪಟ್ಟವೆ.

ಪೊಲಿಕಾರ್ಪನು ಯೆರೂಸಲೇಮಿನ ದೇವಾಲಯವು ರೋಮಾಯರಿಂದ ಹಾಳಾದ 70ನೇ ವರುಷದ ಸುಮಾರಿಗೆ ಹುಟ್ಟಿದನು. ಅವನು ಚಿಕ್ಕಂದಿನಿಂದಲೇ ಕ್ರಿಸ್ತನ ಸೇವೆಯಲ್ಲಿ ಬೆಳೆದನು. ಕರ್ತನನ್ನು ಕಣ್ಣಾರೆ ಕಂಡವರ ಸಂಗಡ ಅವನಿಗೆ ಬಳಕೆಯಿತ್ತೆಂದೂ, ಕರ್ತನ ಶಿಷ್ಯನಾದ ಯೋಹಾನನಿಂದ ಉಪದೇಶ ಪಡೆದನೆಂದೂ, ಅಪೊಸ್ತಲರೇ ಅವನನ್ನು ಸ್ಮುರ್ನದ ಸಭಾಧ್ಯಕ್ಷನಾಗಿ ನೇಮಿಸಿದರೆಂದೂ ಅವನ ಶಿಷ್ಯನಾದ ಇರೇನೇಯನು ಬರೆದಿದ್ದಾನೆ. ಹೀಗೆ ಪೊಲಿಕಾರ್ಪನು ಅಪೊಸ್ತಲರ ಕಾಲಕ್ಕೂ ಅನಂತರದ ಕಾಲಕ್ಕೂ ನಡುವೆ ಒಂದು ಸೇತುವೆಯಂತೆ ಇದ್ದನು. ಅವನು ಹೊಸ ಸಂಗತಿಗಳನ್ನು ಕಂಡುಹಿಡಿದ ಪಂಡಿತನಲ್ಲ. ತನ್ನ ಕೈಗೆ ಒಪ್ಪಿಸಲ್ಪಟ್ಟದ್ದನ್ನು ಕಳಕೊಳ್ಳದೆ, ಕೆಡಿಸದೆ, ಬರುವವರ ಕೈಗೆ ಒಪ್ಪಿಸಿಕೊಟ್ಟ ನಂಬಿಗಸ್ತ ಮನೆವಾರ್ತೆಯವನು.

ಬೇಡಿಗಳೊಡನೆ ಬಂದ ಅತಿಥಿ

ತ್ರಾಯಾನ ಚಕ್ರವರ್ತಿಯು 98ರಿಂದ 117ರ ವರೆಗೆ ಆಳಿದನು. ಅವನ ಕಾಲದಲ್ಲಿ ಸಿರಿಯ ದೇಶದ ಅಂತಿಯೋಕ್ಯ ಸಭೆಯ ಅಧ್ಯಕ್ಷನಾದ ಇಗ್ನಾತಿಯನು ಕ್ರಿಸ್ತನ ನಿಮಿತ್ತ ಮರಣಕ್ಕೆ ಒಪ್ಪಿಸಲ್ಪಟ್ಟು, ಕಾಡುಮೃಗಗಳಿಗೆ ಹಾಕಲ್ಪಡುವದಕ್ಕಾಗಿ ರೋಮಾಪುರಕ್ಕೆ ಒಯ್ಯಲ್ಪಟ್ಟನು. ಹತ್ತು ಮಂದಿ ಸಿಪಾಯಿಗಳು ಅವನಿಗೆ ಕಾವಲಾಗಿದ್ದರು. ಅವರಿಗೆ ಎಷ್ಟು ಉಪಕಾರ ಮಾಡಿದರೂ ಅಷ್ಟಷ್ಟು ಕ್ರೂರರಾಗುತ್ತಿದ್ದರು. ದಾರಿಯಲ್ಲಿ ಅವರು ಸ್ಮುರ್ನದಲ್ಲಿ ಕೆಲವು ದಿವಸ ತಂಗಿದಾಗ ಪೊಲಿಕಾರ್ಪನೂ ಅವನ ಸಭೆಯವರೂ ಆ ಸೆರೆಯವನನ್ನು ನಾಚಿಕೆಯಿಲ್ಲದೆ ಸೇರಿಸಿಕೊಂಡು ಉಪಚರಿಸಿದರು. ಅಲ್ಲಿಂದ ಇಗ್ನಾತಿಯನು ಎಫೆಸ, ಮಗ್ನೇಸಿಯ, ತ್ರಲ್ಲ, ರೋಮ ಎಂಬ ಸಭೆಗಳಿಗೆ ಪತ್ರಿಕೆಗಳನ್ನು ಬರೆದನು. ತರುವಾಯ ತ್ರೋವ ಪಟ್ಟಣವನ್ನು ಮುಟ್ಟಿ, ಫಿಲದೆಲ್ಫಿಯದವರಿಗೂ ಸ್ಮುರ್ನದವರಿಗೂ ಪೊಲಿಕಾರ್ಪನಿಗೂ ಬರೆದು ಕಳುಹಿಸಿದನು.

ಪೊಲಿಕಾರ್ಪನಿಗೆ ಬರೆದ ಪತ್ರಿಕೆಯಲ್ಲಿ ಆ ಹಿರಿಯನು ಕೊಟ್ಟ ಬುದ್ಧಿಮಾತುಗಳು ಸಭೆಯನ್ನು ನಡಿಸುವ ಎಲ್ಲರಿಗೂ ಉಪಯುಕ್ತವಾಗಿವೆ. ಕಮ್ಮಾರನ ಅಡಿಗಲ್ಲು ಏಟು ತಿಂದು ಕದಲದಿರುವ ಹಾಗೆ ಅನ್ಯಬೋಧೆಯ ಮುಂದೆ ಸ್ಥಿರವಾಗಿ ನಿಲ್ಲಬೇಕೆಂದು ಅವನಿಗೆ ಬೋಧಿಸಿದನು. ವಿಧವೆಯರನ್ನು ಅಲಕ್ಷ್ಯಮಾಡಬಾರದು, ದಾಸದಾಸಿಯರನ್ನು ಹೀನೈಸಬಾರದು, ಕೂಟಗಳು ಹೆಚ್ಚು ಸಾರಿ ಕೂಡಬೇಕು, ಒಬ್ಬೊಬ್ಬನನ್ನು ಹೆಸರು ಹಿಡಿದು ವಿಚಾರಿಸಬೇಕು. ಒಳ್ಳೇ ಶಿಷ್ಯರನ್ನು ಮಾತ್ರ ಪ್ರೀತಿಸುವದು ದೊಡ್ಡ ಕಾರ್ಯವಲ್ಲ, ತೊಂದರೆಪಡಿಸುವವರನ್ನು ಸಾತ್ವಿಕತ್ವದಿಂದ ವಶಮಾಡಿಕೊಳ್ಳಬೇಕೆಂದೂ ಎಚ್ಚರಿಸಿದನು. ಪೊಲಿಕಾರ್ಪನು ಈ ಮಾತುಗಳನ್ನು ಮರೆಯಲಿಲ್ಲವೆಂಬದಕ್ಕೆ ಅವನ ಸ್ವಂತ ಪತ್ರಿಕೆಯೇ ಸಾಕ್ಷಿ.

ಆ ಕಾಲದ ಸುಳ್ಳುಬೋಧೆ

ಇಗ್ನಾತಿಯನು ಸ್ಮುರ್ನದವರಿಗೆ ಬರೆದ ಪತ್ರಿಕೆಯಿಂದ ಆಗಿನ ಸುಳ್ಳುಬೋಧೆಯು ಯಾವದೆಂದು ಚೆನ್ನಾಗಿ ತಿಳಿಯುತ್ತದೆ. ಕ್ರಿಸ್ತನು ನಿಜವಾದ ಮನುಷ್ಯ ದೇಹವನ್ನು ಧರಿಸಲಿಲ್ಲ, ಹಾಗೆ ತೋರಿಸಿಕೊಂಡನಷ್ಟೇ. ಅವನು ಹಸಿದದ್ದೂ ಬಾಧೆಪಟ್ಟದ್ದೂ ಶಿಲುಬೆಯ ಮೇಲೆ ಸತ್ತದ್ದೂ ಎಲ್ಲಾ ನೋಡುವವರ ಕಣ್ಣಿಗೆ ಉಂಟಾದ ತೋರಿಕೆ ಮಾತ್ರ ಎಂದು ಕೆಲವರು ಬೋಧಿಸುತ್ತಿದ್ದರು. ಈ ಬೋಧೆಯು ಹುಟ್ಟಿದ್ದು ದೇವರನ್ನು ದೂಷಿಸಬೇಕೆಂಬ ಮನಸ್ಸಿನಿಂದಲ್ಲ. ಶರೀರವು ಆತ್ಮಕ್ಕೆ ಸೆರೆಮನೆ, ಮಣ್ಣಿನಿಂದಾದದ್ದು ಹೊಲಸು ಎಂಬ ಎಣಿಕೆಯು ಆ ದೇಶಗಳ ಜ್ಞಾನಿಗಳಲ್ಲಿ ಹರಡಿತ್ತು. ಪರಿಶುದ್ಧನಾದ ದೇವಕುಮಾರನು ಅಂಥಾ ಶರೀರದಲ್ಲಿ ಹುಟ್ಟಿ, ದಾಸರಿಗೂ ದರೋಡೆಗಾರರಿಗೂ ಕೊಡುವ ಅವಮಾನದ ಮರಣವನ್ನು ಅನುಭವಿಸಿದನೆಂದು ಹೇಳುವದಕ್ಕೆ ಅವರಿಗೆ ನಾಚಿಕೆಯಾಯಿತು. ಆದದರಿಂದ ಕ್ರಿಸ್ತನಿಗೆ ಹೆಚ್ಚು ಘನವನ್ನು ಕೊಡುತ್ತೇವೆಂದು ನೆನಸಿ ಶಿಲುಬೆಯನ್ನೇ ತೆಗೆದುಬಿಟ್ಟರು. ಮೂಢನನ್ನು ಮೋಸಗೊಳಿಸುವ ಬೋಧೆ ಒಂದು. ಭಕ್ತನನ್ನು ಮೋಸಗೊಳಿಸುವ ಬೋಧೆ ಇನ್ನೊಂದು. ಇದು ಎರಡನೆಯ ತರದ್ದು.

ಈ ಮರದ ಫಲವು ಏನಾಯಿತೆಂದು ನೋಡಿರಿ. ಕ್ರಿಸ್ತನಿಗೆ ದೇಹವಿಲ್ಲದಿದ್ದರೆ ನಮ್ಮ ಪಾಪಗಳನ್ನು ಹೊತ್ತವನು ಯಾರೂ ಇಲ್ಲ. ದೇಹವು ಏಳುವದಿಲ್ಲವಾದರೆ ದೇಹದಲ್ಲಿ ಮಾಡಿದ ಕೃತ್ಯಗಳಿಗೆ ಲೆಕ್ಕ ಒಪ್ಪಿಸಬೇಕಾದದ್ದಿಲ್ಲ. ದೇಹಕ್ಕೆ ಬೆಲೆಯಿಲ್ಲವಾದರೆ ನೆರೆಯವನ ಹಸಿವೆಗೆ ಮರುಗಬೇಕಾದದ್ದೂ ಇಲ್ಲ. ಈ ಬೋಧಕರು ಕರ್ತನ ರಾತ್ರಿಭೋಜನದಿಂದಲೂ ಪ್ರಾರ್ಥನೆಯ ಕೂಟದಿಂದಲೂ ದೂರವಾದರೆಂದೂ, ವಿಧವೆಯನ್ನಾಗಲಿ ದಿಕ್ಕಿಲ್ಲದವನನ್ನಾಗಲಿ ಸೆರೆಯವನನ್ನಾಗಲಿ ಹಸಿದವನನ್ನಾಗಲಿ ಅವರು ಚಿಂತಿಸುತ್ತಿರಲಿಲ್ಲವೆಂದೂ ಇಗ್ನಾತಿಯನು ಬರೆದಿದ್ದಾನೆ. ಕ್ರಿಸ್ತನ ಬಾಧೆಯು ಬರೀ ತೋರಿಕೆಯಾದರೆ ತಾನು ಹೊತ್ತ ಬೇಡಿಗಳು ಯಾಕೆ, ತಾನು ಮೃಗಗಳ ಬಾಯಿಗೆ ಹೋಗುವದು ಯಾಕೆ ಎಂದು ಅವನು ಕೇಳುತ್ತಾನೆ. ಇದಕ್ಕೆ ಮಿಕ್ಕ ಉತ್ತರವು ಬೇಕಾಗಿಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ

ಇಗ್ನಾತಿಯನು ತ್ರೋವದಿಂದ ಸಮುದ್ರ ದಾಟಿ ಮಕೆದೋನ್ಯದ ಫಿಲಿಪ್ಪಿ ಪಟ್ಟಣವನ್ನು ಹಾದುಹೋದನು. ಅಲ್ಲಿಯ ಸಭೆಯು ಸುಮಾರು 50ನೇ ವರುಷದಲ್ಲಿ ಅಪೊಸ್ತಲನಾದ ಪೌಲನಿಂದ ಸ್ಥಾಪಿಸಲ್ಪಟ್ಟದ್ದು. ಅವರು ಈ ಸೆರೆಯವರನ್ನು ಪ್ರೀತಿಯಿಂದ ಸತ್ಕರಿಸಿ ಸಾಗಕಳುಹಿಸಿದ ಮೇಲೆ ಪೊಲಿಕಾರ್ಪನಿಗೆ ಬರೆದರು. ತಾವು ಅಂತಿಯೋಕ್ಯದ ಸಭೆಗೆ ಬರೆದ ಕಾಗದವನ್ನು ಸಿರಿಯಕ್ಕೆ ಮುಟ್ಟಿಸಬೇಕೆಂದೂ, ಇಗ್ನಾತಿಯನ ಪತ್ರಿಕೆಗಳಲ್ಲಿ ಅವನ ಬಳಿಯಲ್ಲಿರುವವುಗಳ ಪ್ರತಿಗಳನ್ನು ಕಳುಹಿಸಬೇಕೆಂದೂ, ನೀತಿಯ ವಿಷಯವಾಗಿ ತಮಗೆ ಬರೆಯಬೇಕೆಂದೂ ಬೇಡಿಕೊಂಡರು. ಈ ಬೇಡಿಕೆಗೆ ಉತ್ತರವಾಗಿ ಸುಮಾರು 110ರಲ್ಲಿ ಅವನು ಬರೆದ ಪತ್ರಿಕೆಯು ಈ ದಿನದ ವರೆಗೂ ಉಳಿದದೆ. ಅದರಲ್ಲಿ 14 ಚಿಕ್ಕ ಅಧ್ಯಾಯಗಳಿವೆ. ಗ್ರೀಕ್ ಕೈಬರಹಗಳು ಒಂಭತ್ತನೆಯ ಅಧ್ಯಾಯದಲ್ಲಿ ಕಡಿದುಹೋಗಿವೆ. ಮಿಕ್ಕದ್ದರಲ್ಲಿ ಹೆಚ್ಚಿನ ಭಾಗವು ಲತೀನ ಭಾಷಾಂತರದಿಂದಲೇ ನಮಗೆ ದೊರಕಿದೆ. ಸುವಾರ್ತೆಗಳನ್ನೂ ಪೌಲ ಪೇತ್ರ ಯೋಹಾನರ ಪತ್ರಿಕೆಗಳನ್ನೂ ನೆನಪಿಗೆ ತರುವ ಮಾತುಗಳು ಅದರಲ್ಲಿ ಎಲ್ಲೆಲ್ಲಿಯೂ ಹೆಣೆದುಕೊಂಡಿವೆ.

ಅವನು ಮೊದಲು ಅವರನ್ನು ಹೊಗಳುತ್ತಾನೆ. ಬೇಡಿ ಹಾಕಿಸಿಕೊಂಡವರನ್ನು ಅವರು ಸೇರಿಸಿಕೊಂಡದ್ದಕ್ಕಾಗಿಯೂ, ಬಹು ಕಾಲದ ಹಿಂದೆ ನೆಟ್ಟ ಅವರ ನಂಬಿಕೆಯ ಬೇರು ಇನ್ನೂ ಫಲಕೊಡುವದಕ್ಕಾಗಿಯೂ ಸಂತೋಷಪಡುತ್ತಾನೆ. ತಾನಾಗಿ ಬರೆಯುವದಕ್ಕೆ ಮುಂದುವರಿಯಲಿಲ್ಲ, ಅವರು ಕೇಳಿಕೊಂಡದರಿಂದಲೇ ಬರೆಯುತ್ತೇನೆ, ಪೌಲನ ಜ್ಞಾನವನ್ನು ಮುಟ್ಟುವ ಶಕ್ತಿಯು ತನಗಿಲ್ಲ ಎಂದು ತಗ್ಗಿಸಿಕೊಳ್ಳುತ್ತಾನೆ. ಆಮೇಲೆ ಗಂಡಸರಿಗೂ ಹೆಂಗಸರಿಗೂ ವಿಧವೆಯರಿಗೂ ಸಭಾಸೇವಕರಿಗೂ ಯೌವನಸ್ಥರಿಗೂ ಹಿರಿಯರಿಗೂ ಅವರವರ ಧರ್ಮವನ್ನು ತಿಳಿಸುತ್ತಾನೆ. ಹಿರಿಯರು ಕನಿಕರವುಳ್ಳವರಾಗಿ ದಾರಿ ತಪ್ಪಿದವರನ್ನು ತಿರಿಗಿ ತರಬೇಕು, ರೋಗಿಗಳನ್ನು ಹೋಗಿ ನೋಡಬೇಕು, ಬಡವನನ್ನು ಮರೆಯಬಾರದು, ಯಾರ ವಿಷಯದಲ್ಲಾದರೂ ಕೇಡು ಕೇಳಿದ ಕೂಡಲೆ ನಂಬಬಾರದು ಎನ್ನುತ್ತಾನೆ.

ಏಳನೆಯ ಅಧ್ಯಾಯದಲ್ಲಿ ಸುಳ್ಳುಬೋಧೆಗೆ ಉತ್ತರವು ಬರುತ್ತದೆ. ಅದು ಕೆಲವೇ ಸಾಲುಗಳಷ್ಟು. ಅವನು ಮೂರು ಗುರುತುಗಳನ್ನು ಇಡುತ್ತಾನೆ. ಯೇಸು ಕ್ರಿಸ್ತನು ಶರೀರಧಾರಿಯಾಗಿ ಬಂದನೆಂದು ಒಪ್ಪದವನು ಕ್ರಿಸ್ತವಿರೋಧಿಯು. ಶಿಲುಬೆಯ ಸಾಕ್ಷಿಯನ್ನು ಒಪ್ಪದವನು ಸೈತಾನನ ಕಡೆಯವನು. ಕರ್ತನ ಮಾತುಗಳನ್ನು ತನ್ನ ಸ್ವಂತ ಆಶೆಗಳಿಗೆ ತಕ್ಕಂತೆ ತಿರುಚಿ, ಪುನರುತ್ಥಾನವೂ ನ್ಯಾಯತೀರ್ಪೂ ಇಲ್ಲವೆನ್ನುವವನು ಸೈತಾನನ ಚೊಚ್ಚಲ ಮಗನು. ಇಷ್ಟು ಹೇಳಿ, ಬಹು ಮಂದಿಯ ವ್ಯರ್ಥವಾದ ಮಾತುಗಳನ್ನು ಬಿಟ್ಟು ಆದಿಯಿಂದ ಒಪ್ಪಿಸಲ್ಪಟ್ಟ ವಾಕ್ಯಕ್ಕೆ ತಿರುಗಿಕೊಳ್ಳಬೇಕು, ಪ್ರಾರ್ಥನೆಯಲ್ಲಿ ಎಚ್ಚರವಾಗಿಯೂ ಉಪವಾಸದಲ್ಲಿ ಸ್ಥಿರವಾಗಿಯೂ ಇರಬೇಕು ಎಂದು ಬೋಧಿಸುತ್ತಾನೆ. ಮುಂದಿನ ಅಧ್ಯಾಯದಲ್ಲಿ, ನಮ್ಮ ಪಾಪಗಳನ್ನು ತನ್ನ ಸ್ವಂತ ದೇಹದಲ್ಲಿ ಹೊತ್ತು ಮರದ ಮೇಲೆ ಸತ್ತ ಕ್ರಿಸ್ತನನ್ನು ಎಡೆಬಿಡದೆ ಹಿಡುಕೊಂಡು ಅವನ ತಾಳ್ಮೆಯನ್ನು ಅನುಸರಿಸಬೇಕೆಂದು ಸೇರಿಸುತ್ತಾನೆ.

ನಾನು ಸೆಮಿನರಿಯಲ್ಲಿ ಈ ಪತ್ರಿಕೆಯನ್ನು ಮೊದಲು ಓದಿದಾಗ ನನಗೆ ಆಶಾಭಂಗವಾಯಿತು. ದೊಡ್ಡ ತರ್ಕವನ್ನೂ ವಿರೋಧಿಗಳ ಬಾಯಿ ಮುಚ್ಚಿಸುವ ವಾದವನ್ನೂ ನಾನು ಅದರಲ್ಲಿ ಹುಡುಕಿದೆನು, ಕಾಣಲಿಲ್ಲ. ಸಭೆಗಳಲ್ಲಿ ಕೆಲವು ವರುಷ ಕೆಲಸಮಾಡಿದ ತರುವಾಯ ಅದನ್ನು ತಿರಿಗಿ ಓದಿದಾಗ ಆ ಮುದುಕನ ಬುದ್ಧಿಯು ನನಗೆ ಗ್ರಾಹ್ಯವಾಯಿತು. ಅವನು ಬರೆದದ್ದು ಪಂಡಿತರಿಗಲ್ಲ. ಓದು ಬಾರದ ದಾಸನೂ ಮುದುಕಿಯೂ ಮನಸ್ಸಿನಲ್ಲಿಟ್ಟುಕೊಳ್ಳುವದಕ್ಕೆ ಮೂರು ಗುರುತುಗಳು ಸಾಕು: ಕ್ರಿಸ್ತನ ಶರೀರ, ಕ್ರಿಸ್ತನ ಶಿಲುಬೆ, ಬರಲಿರುವ ನ್ಯಾಯತೀರ್ಪು. ಹೊಸ ಬೋಧಕನೊಬ್ಬನು ಊರಿಗೆ ಬಂದು ಎಷ್ಟು ಇಂಪಾಗಿ ಮಾತಾಡಿದರೂ ಈ ಮೂರರಲ್ಲಿ ಯಾವದನ್ನಾದರೂ ಮೆಲ್ಲಗೆ ಸರಿಸುತ್ತಾನೋ ಎಂದು ಯಾವನಾದರೂ ನೋಡಿಕೊಳ್ಳಬಹುದು.

ಹಿರಿಯನಾದ ವಾಲೆನ್ಸನ ಸಂಗತಿ

ಆದರೆ ಫಿಲಿಪ್ಪಿಯಲ್ಲಿ ಮತ್ತೊಂದು ದುಃಖವಿತ್ತು. ವಾಲೆನ್ಸನೆಂಬವನು ಆ ಸಭೆಯ ಹಿರಿಯನಾಗಿದ್ದು ಹಣದಾಶೆಗೆ ಸಿಕ್ಕಿ ಬಿದ್ದುಹೋದನು. ಅವನ ಹೆಂಡತಿಯೂ ಆ ತಪ್ಪಿನಲ್ಲಿ ಕೂಡಿಕೊಂಡಿದ್ದಳು. ಪೊಲಿಕಾರ್ಪನು ಹನ್ನೊಂದನೆಯ ಅಧ್ಯಾಯದಲ್ಲಿ ಈ ಸಂಗತಿಯನ್ನು ಎತ್ತುತ್ತಾನೆ. ಅವನು ಪಾಪವನ್ನು ಚಿಕ್ಕದು ಮಾಡಲಿಲ್ಲ. ತನ್ನನ್ನು ಆಳಿಕೊಳ್ಳಲಾರದವನು ಇತರರಿಗೆ ಹೇಗೆ ಬೋಧಿಸುವನೆಂದು ಕೇಳಿದನು. ಹಣದಾಶೆಯನ್ನು ಬಿಡದವನು ವಿಗ್ರಹಾರಾಧನೆಯಿಂದ ಮೈಲಿಗೆಯಾಗಿ ದೇವರನ್ನರಿಯದವರೊಡನೆ ಎಣಿಸಲ್ಪಡುವನೆಂದು ಎಚ್ಚರಿಸಿದನು. ಆದಾಗ್ಯೂ ವಾಲೆನ್ಸನು ಮಾಡಿದ್ದನ್ನು ಅವನು ಬಿಡಿಬಿಡಿಯಾಗಿ ವಿವರಿಸಿ ಊರೂರಿಗೆ ಸಾರಲಿಲ್ಲ. ಅವನಿಗಾಗಿಯೂ ಅವನ ಹೆಂಡತಿಗಾಗಿಯೂ ಬಹಳವಾಗಿ ಮರುಗುತ್ತೇನೆಂದೂ, ಕರ್ತನು ಅವರಿಗೆ ನಿಜವಾದ ಮಾನಸಾಂತರವನ್ನು ಕೊಡಲೆಂದೂ ಬರೆದನು. ಅವರನ್ನು ವೈರಿಗಳೆಂದು ಎಣಿಸದೆ, ನೋವುಪಡುವ ಅಂಗವನ್ನು ಗುಣಪಡಿಸುವಂತೆ ತಿರಿಗಿ ಕರೆಯಬೇಕು. ಹೀಗೆ ಮಾಡಿದರೆ ಪೂರ್ಣ ದೇಹಕ್ಕೇ ಕ್ಷೇಮವೆಂದು ಸಭೆಯವರಿಗೆ ಬುದ್ಧಿಹೇಳಿದನು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಶಿಲುಬೆಯನ್ನು ಅಲ್ಲಗಳೆಯುವವನ ವಿಷಯದಲ್ಲಿ ಬೆಂಕಿಯಂತೆ ಬರೆದ ಕೈಯೇ ಬಿದ್ದುಹೋದ ಹಿರಿಯನ ವಿಷಯದಲ್ಲಿ ಕಣ್ಣೀರಿನಿಂದ ಬರೆದದೆ. ನಾವಾದರೋ ಅನೇಕ ಸಾರಿ ಇದಕ್ಕೆ ವ್ಯತಿರಿಕ್ತವಾಗಿ ನಡೆಯುತ್ತೇವೆ. ಬೋಧೆಯು ಕೆಟ್ಟರೆ ನಮಗೆ ಚಿಂತೆಯಿಲ್ಲ. ಹಿಡಿಯಕ್ಕಿಯ ಲೆಕ್ಕದಲ್ಲಿ ಒಬ್ಬನು ತಪ್ಪಿದನೆಂದು ಕೇಳಿದರೆ ಅವನ ಮನೆಯ ಬಾಗಲನ್ನೂ ತುಳಿಯೆವು, ಅವನ ಮಕ್ಕಳನ್ನೂ ಮಾತಾಡಿಸೆವು. ಅವನು ಸಭೆಯನ್ನು ಬಿಟ್ಟು ಹೋದ ಮೇಲೆ ಹೊಲೆ ಹೋಯಿತೆಂದು ಹೇಳಿಕೊಳ್ಳುತ್ತೇವೆ. ತಪ್ಪನ್ನು ಮುಚ್ಚಿಡಬೇಕೆಂದು ಪೊಲಿಕಾರ್ಪನು ಹೇಳಲಿಲ್ಲ. ಕೊಳೆತ ಬೆರಳನ್ನು ಕಡಿಯುವದಕ್ಕಿಂತ ಮುಂಚೆ ಅದು ನಮ್ಮದೇ ಬೆರಳೆಂದು ನೆನಸಬೇಕೆಂದು ಮಾತ್ರ ತಿಳಿಸಿದನು. ಕ್ರಿಸ್ತನು ನಿಜವಾದ ದೇಹವನ್ನು ಧರಿಸಿದನೆಂದು ನಂಬುವವನು ಸಭೆಯೂ ನಿಜವಾದ ದೇಹವೆಂದು ನಂಬಲೇಬೇಕು.

ಮಾರ್ಕಿಯೋನನೂ ರೋಮಾಪುರದ ಪ್ರಯಾಣವೂ

ಪೊಲಿಕಾರ್ಪನ ಮುದಿತನದಲ್ಲಿ ಪೊಂತ ದೇಶದ ಮಾರ್ಕಿಯೋನನೆಂಬವನು ಎದ್ದು, ಹಳೇ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆಯು ಬೇರೆ ಎಂದು ಬೋಧಿಸಿ, ಹಳೇ ಒಡಂಬಡಿಕೆಯನ್ನೆಲ್ಲಾ ತಳ್ಳಿಬಿಟ್ಟು, ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಿಕೆಗಳನ್ನೂ ಕತ್ತರಿಸಿ ಇಟ್ಟುಕೊಂಡನು. 144ರಲ್ಲಿ ರೋಮಾಪುರದ ಸಭೆಯಿಂದ ಅಗಲಿ ಅವನು ತನ್ನದೇ ಸಭೆಗಳನ್ನು ಕಟ್ಟಿದನು. ಅವನು ಒಮ್ಮೆ ಪೊಲಿಕಾರ್ಪನನ್ನು ಎದುರುಗೊಂಡು ತನ್ನ ಗುರುತು ಹಿಡಿಯಬೇಕೆಂದು ಕೇಳಿದಾಗ, ಸೈತಾನನ ಚೊಚ್ಚಲ ಮಗನೆಂದು ಗುರುತು ಹಿಡಿದೆನೆಂದು ಆ ಮುದುಕನು ಉತ್ತರಕೊಟ್ಟನೆಂದು ಇರೇನೇಯನು ತಿಳಿಸುತ್ತಾನೆ. ಫಿಲಿಪ್ಪಿಯವರಿಗೆ ಬರೆದ ಮಾತೇ ಇದು.

ಆದರೂ ಎಲ್ಲಾ ಭೇದಗಳನ್ನೂ ಅವನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಸುಮಾರು 154ರಲ್ಲಿ ಅವನು ರೋಮಾಪುರಕ್ಕೆ ಹೋಗಿ ಅಲ್ಲಿಯ ಸಭಾಧ್ಯಕ್ಷನಾದ ಅನಿಸೇತನೊಡನೆ ಪಸ್ಕಹಬ್ಬವನ್ನು ಆಚರಿಸುವ ದಿವಸದ ವಿಷಯವಾಗಿ ಮಾತಾಡಿದನು. ಒಬ್ಬನು ಇನ್ನೊಬ್ಬನನ್ನು ಒಪ್ಪಿಸಲಾರದೆ ಹೋದನು. ಹಾಗಾದರೂ ಅನಿಸೇತನು ತನ್ನ ಸಭೆಯಲ್ಲಿ ಪೊಲಿಕಾರ್ಪನೇ ಕರ್ತನ ರಾತ್ರಿಭೋಜನವನ್ನು ನಡಿಸುವಂತೆ ಮಾಡಿ ಅವನನ್ನು ಗೌರವಿಸಿದನು. ಇಬ್ಬರೂ ಸಮಾಧಾನದಿಂದ ಅಗಲಿದರು. ಅಸ್ತಿವಾರವನ್ನು ಕೀಳುವವನ ಕೂಡ ಸಂಧಿಯಿಲ್ಲ; ಅದೇ ಅಸ್ತಿವಾರದ ಮೇಲೆ ನಿಂತು ಬೇರೆ ಪದ್ಧತಿಯಿಂದ ಹಬ್ಬ ಮಾಡುವವನು ಸಹೋದರನೇ. ಈ ವಿವೇಚನೆಯು ನಮಗೂ ದೊರಕಲಿ.

ಅವನ ಕಡೇ ದಿವಸ

ರೋಮಾಪುರದಿಂದ ಹಿಂತಿರುಗಿದ ಕೊಂಚ ಕಾಲದಲ್ಲಿಯೇ, ಬಹುಮಟ್ಟಿಗೆ 155ರಲ್ಲಿ ಅಥವಾ 156ರಲ್ಲಿ ಎಂದು ಅನೇಕ ಪಂಡಿತರು ಎಣಿಸುವಂತೆ, ಸ್ಮುರ್ನದಲ್ಲಿ ಹಿಂಸೆಯು ಎದ್ದಿತು. ಆ ಸಂಗತಿಗಳನ್ನು ಸ್ಮುರ್ನದ ಸಭೆಯವರು ಫಿಲೋಮೇಲಿಯ ಎಂಬ ಊರಿನ ಸಭೆಗೆ ಬರೆದು ಕಳುಹಿಸಿದರು. ಕ್ವಿಂತನೆಂಬ ಒಬ್ಬನು ತಾನಾಗಿ ಮುಂದೆ ಬಂದು ಮೃಗಗಳನ್ನು ಕಂಡ ಕೂಡಲೆ ಹೆದರಿ ಕೈಸರನ ಆಣೆಯಿಟ್ಟನು. ಆದದರಿಂದ ತಾವಾಗಿಯೇ ಮರಣಕ್ಕೆ ನುಗ್ಗುವದನ್ನು ಆ ಸಭೆಯು ಮೆಚ್ಚಲಿಲ್ಲ. ಪೊಲಿಕಾರ್ಪನು ಸ್ನೇಹಿತರ ಮಾತಿಗೆ ಕಿವಿಗೊಟ್ಟು ಊರ ಹೊರಗಿನ ಒಂದು ಹೊಲದ ಮನೆಗೂ ಅಲ್ಲಿಂದ ಇನ್ನೊಂದಕ್ಕೂ ಹೋಗಿ, ಲೋಕದಲ್ಲಿರುವ ಎಲ್ಲಾ ಸಭೆಗಳಿಗಾಗಿ ಹಗಲಿರುಳು ಪ್ರಾರ್ಥಿಸುತ್ತಿದ್ದನು. ಹುಡುಕುವವರು ಒಬ್ಬ ದಾಸಹುಡುಗನನ್ನು ಹಿಂಸಿಸಿ ಅವನಿದ್ದ ಸ್ಥಳವನ್ನು ತಿಳುಕೊಂಡರು. ಶುಕ್ರವಾರ ಊಟದ ಹೊತ್ತಿಗೆ ಅವರು ಬಂದಾಗ ತಪ್ಪಿಸಿಕೊಳ್ಳುವದಕ್ಕೆ ಇನ್ನೂ ಅವಕಾಶವಿತ್ತು. ಆದರೆ ದೇವರ ಚಿತ್ತವಾಗಲಿ ಎಂದು ಹೇಳಿ ಅವನು ಕೆಳಗಿಳಿದು ಬಂದನು. ತನ್ನನ್ನು ಹಿಡಿಯಬಂದವರಿಗೆ ಬೇಕಾದಷ್ಟು ಅನ್ನಪಾನಗಳನ್ನು ಇಡಿಸಿ, ಪ್ರಾರ್ಥನೆಗಾಗಿ ಒಂದು ತಾಸನ್ನು ಬೇಡಿಕೊಂಡು, ಎರಡು ತಾಸು ನಿಂತು ಪ್ರಾರ್ಥಿಸಿದನು. ತನಗೆ ಗೊತ್ತಿದ್ದ ಚಿಕ್ಕವರನ್ನೂ ದೊಡ್ಡವರನ್ನೂ ಎಲ್ಲರನ್ನೂ ಅವನು ಜ್ಞಾಪಕಮಾಡಿದನು. ಕೇಳಿದ ಸಿಪಾಯಿಗಳಲ್ಲಿ ಅನೇಕರು ಇಂಥಾ ಮುದುಕನ ಮೇಲೆ ಬಂದದ್ದಕ್ಕೆ ಪಶ್ಚಾತ್ತಾಪಪಟ್ಟರು. ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕೆಂದು ಸುಮಾರು 45 ವರುಷಗಳ ಹಿಂದೆ ಫಿಲಿಪ್ಪಿಯವರಿಗೆ ಬರೆದದ್ದನ್ನು ಅವನು ಆ ರಾತ್ರಿ ಮಾಡಿ ತೋರಿಸಿದನು.

ಅವನನ್ನು ಕತ್ತೆಯ ಮೇಲೆ ಪಟ್ಟಣಕ್ಕೆ ತಂದರು. ಹೆರೋದನೆಂಬ ಅಧಿಕಾರಿಯು ಅವನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು, ಕೈಸರನು ಕರ್ತನೆಂದು ಹೇಳಿ ಧೂಪ ಹಾಕಿದರೆ ಕೇಡೇನೆಂದು ಕೇಳಿದನು. ಒಪ್ಪದಿದ್ದದರಿಂದ ಅವನನ್ನು ಕೆಳಕ್ಕೆ ನೂಕಿದರು. ಕಾಲಿಗೆ ಗಾಯವಾದರೂ ಅವನು ತಿರಿಗಿ ನೋಡದೆ ಮುಂದೆ ನಡೆದನು. ಜನರಿಂದ ತುಂಬಿದ ಪಂದ್ಯದ ಬೈಲಿನಲ್ಲಿ ಅಧಿಪತಿಯಾದ ಕ್ವದ್ರಾತನು ಅವನ ಮುಪ್ಪನ್ನು ನೋಡಿ ಕನಿಕರಪಟ್ಟು, ಕ್ರಿಸ್ತನನ್ನು ದೂಷಿಸಿದರೆ ಬಿಟ್ಟುಬಿಡುವೆನೆಂದನು. ಅದಕ್ಕೆ ಪೊಲಿಕಾರ್ಪನು, 86 ವರುಷ ತಾನು ಆತನ ಸೇವೆಯಲ್ಲಿದ್ದರೂ ಆತನಿಂದ ತನಗೆ ಒಂದು ಅನ್ಯಾಯವಾದರೂ ಆಗಲಿಲ್ಲವೆಂದೂ, ತನ್ನನ್ನು ರಕ್ಷಿಸಿದ ಅರಸನನ್ನು ದೂಷಿಸಲಾರೆನೆಂದೂ ಶಾಂತವಾಗಿ ಅರಿಕೆಮಾಡಿದನು. ಮೃಗಗಳ ಭಯವನ್ನೂ ಬೆಂಕಿಯ ಭಯವನ್ನೂ ತೋರಿಸಿದಾಗ ಅವನು ಕದಲಲಿಲ್ಲ. ಪೊಲಿಕಾರ್ಪನು ತಾನು ಕ್ರೈಸ್ತನೆಂದು ಒಪ್ಪಿಕೊಂಡನೆಂದು ಮೂರು ಸಾರಿ ಸಾರಲ್ಪಟ್ಟಿತು. ಜನರು ಕೂಗಾಡಿ ಕಟ್ಟಿಗೆಯನ್ನು ಕೂಡಿಸಿದರು. ಬೆಂಕಿಯನ್ನು ಸಹಿಸುವ ಬಲವನ್ನು ಕೊಡುವಾತನು ಮೊಳೆಗಳಿಲ್ಲದೆ ನಿಲ್ಲುವ ಬಲವನ್ನೂ ಕೊಡುವನೆಂದು ಅವನು ಹೇಳಿದ್ದರಿಂದ ಮೊಳೆ ಹೊಡೆಯದೆ ಕಟ್ಟಿದರು ಮಾತ್ರ. ಅವನು ಈ ದಿವಸಕ್ಕೂ ಈ ತಾಸಿಗೂ ಪಾತ್ರನಾದದ್ದಕ್ಕೆ ದೇವರನ್ನು ಸ್ತುತಿಸಿ ಆಮೆನ್ ಹೇಳಿದ ಕೂಡಲೆ ಬೆಂಕಿಯಿಟ್ಟರು. ಜ್ವಾಲೆಯು ಗಾಳಿ ತುಂಬಿದ ಹಾಯಿಯಂತೆ ಅವನ ಸುತ್ತಲೂ ಬಾಗಿ ನಿಂತಿತೆಂದೂ, ಕಡೆಯಲ್ಲಿ ಒಬ್ಬನು ಕತ್ತಿಯಿಂದ ತಿವಿದು ಕೊಂದನೆಂದೂ ಆ ಸಭೆಯವರು ಬರೆದಿದ್ದಾರೆ. ಅದು ಫೆಬ್ರವರಿ ತಿಂಗಳ 23ನೇ ದಿವಸವೆಂದು ಸಭೆಗಳು ನೆನಸುತ್ತವೆ.

ಪೊಲಿಕಾರ್ಪನ ಫಲ

ಅವನು ಕೂತು ಬೋಧಿಸುತ್ತಿದ್ದ ಸ್ಥಳವನ್ನೂ ಅವನ ನಡೆನುಡಿಯನ್ನೂ ಯೋಹಾನನ ವಿಷಯವಾಗಿ ಅವನು ಹೇಳುತ್ತಿದ್ದ ಸಂಗತಿಗಳನ್ನೂ ಇರೇನೇಯನೆಂಬ ಹುಡುಗನು ಕೇಳಿ, ಕಾಗದದ ಮೇಲಲ್ಲ, ಹೃದಯದಲ್ಲಿ ಬರೆದುಕೊಂಡನು. ಅವನೇ ಮುಂದೆ ಗಲ್ಲಿಯ ದೇಶದ ಲಿಯೋನ್ ಪಟ್ಟಣದಲ್ಲಿ ಸಭಾಧ್ಯಕ್ಷನಾಗಿ, ಸುಮಾರು 180ರಲ್ಲಿ ಸುಳ್ಳುಬೋಧೆಗಳಿಗೆ ವಿರೋಧವಾಗಿ ಐದು ಪುಸ್ತಕಗಳನ್ನು ಬರೆದನು. ಗುರುವು ಕೆಲವು ಸಾಲುಗಳಲ್ಲಿ ಹೇಳಿದ್ದನ್ನು ಶಿಷ್ಯನು ವಿಸ್ತರಿಸಿದನು.

ವಾಚಕರೇ, ಕ್ರಿಸ್ತನ ಬಾಧೆಯು ಬರೀ ತೋರಿಕೆಯೆಂದವರ ಹೆಸರುಗಳನ್ನು ಇಂದು ತಿಳಿದವರು ಕೊಂಚ. ಕ್ರಿಸ್ತನು ನಿಜವಾದ ಶರೀರದಲ್ಲಿ ನಮಗಾಗಿ ಸತ್ತನೆಂದು ಬರೆದವನು ತನ್ನ ಶರೀರವನ್ನೇ ಆ ಪತ್ರಿಕೆಗೆ ಮುದ್ರೆಯಾಗಿ ಒತ್ತಿದನು. ಸುಳ್ಳುಬೋಧೆಯು ನಿಮ್ಮ ಬಾಗಲಿಗೆ ಬಂದರೆ ಆ ಮೂರು ಗುರುತುಗಳನ್ನು ನೆನಸಿರಿ. ನಿಮ್ಮ ಸಭೆಯಲ್ಲಿ ಒಬ್ಬ ವಾಲೆನ್ಸನು ಬಿದ್ದಿದ್ದರೆ ಈ ವಾರದಲ್ಲಿಯೇ ಅವನ ಮನೆಗೆ ಹೋಗಿರಿ.